ಕೊನೇ ನಲ್ಲಿಯ ನೀರು: ಕ್ರೂಸ್ ಹಡಗಿನಿಂದ ಸಕಲೇಶಪುರದವರೆಗೆ ನನ್ನ ಅನುಭವ

ಈಚೆಗೆ ನಮ್ಮ ಕಡೆಯವರೂ ಕ್ರೂಸ್ ಹಡಗು ಹತ್ತುತ್ತಿದ್ದಾರೆ. ಕಾಫಿಗೆ ಒಳ್ಳೆ ರೇಟು ಸಿಕ್ಕ ವರ್ಷ ಮುಂಬೈಗೆ ಹೋಗಿ ಲಕ್ಷದ್ವೀಪದ ಟ್ರಿಪ್ ಮಾಡಿ ಬಂದವರಿದ್ದಾರೆ. ಮಕ್ಕಳು ಸಿಂಗಾಪುರದಲ್ಲೋ ಅಮೆರಿಕದಲ್ಲೋ ಇದ್ದು, ಅವರೇ ಟಿಕೆಟ್ ಮಾಡಿ ಕರೆಸಿಕೊಂಡವರೂ ಇದ್ದಾರೆ. ಹೊರಡುವ ವಾರ ನನಗೊಂದು ಫೋನ್ ಬಂದೇ ಬರುತ್ತೆ. ಅಲೆ, ತಲೆಸುತ್ತು, ಊಟ ಇದ್ಯಾವುದೂ ಅವರ ಚಿಂತೆ ಅಲ್ಲ. "ಅಣ್ಣ, ಅಲ್ಲಿ ನೀರು ಹೆಂಗೆ? ಇಲ್ಲಿಂದ್ಲೇ ಒಂದು ಕೇಸ್ ಬಾಟ್ಲಿ ಕಟ್ಕಂಡು ಹೋಗದಾ?"

ನನ್ನನ್ನೇ ಕೇಳುವುದಕ್ಕೆ ಕಾರಣ ಇದೆ. ಹಾಸನದಲ್ಲಿ ಐಟಿಐ ಮುಗಿಸಿ ವರ್ಷಗಟ್ಟಲೆ ಪ್ಯಾಸೆಂಜರ್ ಹಡಗುಗಳಲ್ಲಿ ಪ್ಲಂಬರ್ ಆಗಿದ್ದವನು ನಾನು. ಅದರಲ್ಲೂ ಕುಡಿಯುವ ನೀರಿನ ಲೈನಿನ ಕೆಲಸವೇ ಹೆಚ್ಚು ಸಿಕ್ಕಿದ್ದು. ಈಗ ಊರಲ್ಲಿ ಒಂದಿಷ್ಟು ತೋಟ, ಜೊತೆಗೆ ಸಕಲೇಶಪುರ, ಮೂಡಿಗೆರೆ ಸುತ್ತಮುತ್ತ ಹೋಂಸ್ಟೇಗಳ ನೀರಿನ ಕೆಲಸ.

ಫೋನಿನಲ್ಲಿ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ: ಹಡಗಿನ ನಲ್ಲಿ ನೀರು ಕುಡೀರಿ. ನಾನು ಕೆಲಸದಲ್ಲಿದ್ದಷ್ಟು ಕಾಲ ಕುಡಿದದ್ದು ಅದನ್ನೇ. ಬಾಟಲಿ ನೀರು ಬೇಕಾಗುವುದು ಹಡಗಿನಿಂದ ಇಳಿದ ಮೇಲೆ.

ಇದನ್ನು ಕೇಳಿ ಸುಮ್ಮನಾಗುವವರು ಕಡಿಮೆ. "ಸಮುದ್ರದ ನೀರನ್ನೇ ಕುಡಿಸ್ತಾರಂತೆ?" ಅಂತ ಮರುಪ್ರಶ್ನೆ ಬರುತ್ತೆ. ಹೌದು, ಬಹುಪಾಲು ಸಮುದ್ರದ ನೀರೇ. ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರನ್ನು ಕುಡಿಯುವಂತೆ ಮಾಡಲು ಹಡಗಿನಲ್ಲಿ ಎರಡು ದಾರಿ. ಒಂದು ಆರ್‌ಒ. ನಮ್ಮ ಅಡುಗೆಮನೆ ಗೋಡೆಯ ಮೇಲಿರುವುದರದ್ದೇ ತತ್ವ, ಆದರೆ ಪಂಪಿನ ಒತ್ತಡ 55–60 ಬಾರ್‌ನಷ್ಟು. ಇನ್ನೊಂದು ಇವಾಪರೇಟರ್. ಎಂಜಿನ್ ತಂಪು ಮಾಡಿ ಬಿಸಿಯಾಗಿ ಹೊರಬರುವ ನೀರಿನ ಶಾಖ ಹೇಗೂ ದಂಡ. ಅದನ್ನೇ ಬಳಸಿ, ಒಳಗಿನ ಗಾಳಿ ಎಳೆದು ಒತ್ತಡ ಇಳಿಸಿದರೆ 50–60 ಡಿಗ್ರಿಯ ಆಸುಪಾಸಿನಲ್ಲೇ ಸಮುದ್ರದ ನೀರು ಕುದಿಯುತ್ತೆ. ಆವಿ ಹಿಡಿದು ತಂಪು ಮಾಡಿದರೆ ಸಿಹಿನೀರು. ಲಕ್ಷದ್ವೀಪಕ್ಕೆ ಹೋಗುವವರು ಇನ್ನೊಂದು ವಿಷಯ ತಿಳಿದಿರಲಿ: ಕವರತ್ತಿ ದ್ವೀಪದ ಜನ 2005ರಿಂದ ಕುಡಿಯುತ್ತಿರುವುದೂ ಇದೇ ಬಗೆಯಲ್ಲಿ ತಯಾರಾದ ನೀರು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ ಆ ಘಟಕದ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಅಲ್ಲಿ ಎಂಜಿನ್ ಶಾಖವೂ ಇಲ್ಲ, ಸಮುದ್ರದ ಮೇಲ್ಪದರದ ಬೆಚ್ಚಗಿನ ನೀರನ್ನೇ ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಹನಿಗಟ್ಟಿಸುತ್ತಾರೆ.

ಇವಾಪರೇಟರ್ ನೀರಿಗೆ ಎರಡು ಕೊರತೆ. 50–60 ಡಿಗ್ರಿಗೆ ಕುದ್ದರೆ ಕ್ರಿಮಿ ಪೂರ್ತಿ ಸಾಯುತ್ತೆ ಅನ್ನುವ ಹಾಗಿಲ್ಲ. ಮತ್ತೆ ಆ ನೀರಲ್ಲಿ ಲವಣವೇ ಇರಲ್ಲ, ಹಾಗೇ ಬಿಟ್ಟರೆ ಪೈಪಿನ ಲೋಹವನ್ನೇ ತಿನ್ನುತ್ತೆ, ನಾಲಿಗೆಗೂ ಸಪ್ಪೆ. ಅದಕ್ಕೇ ಡಾಲಮೈಟ್ ಇಲ್ಲವೇ ಸುಣ್ಣಕಲ್ಲಿನ ಫಿಲ್ಟರ್ ದಾಟಿಸಿ, ಕ್ಲೋರಿನ್ ಸೇರಿಸಿ ಟ್ಯಾಂಕಿಗೆ ಬಿಡುವುದು. ಬಂದರಿನೊಳಗೆ, ಲಂಗರು ಹಾಕಿದ ಕಡೆ ಸಮುದ್ರದ ನೀರು ಎಳೆಯುವ ಹಾಗೇ ಇಲ್ಲ. ಅಲ್ಲಿ ನೀರು ಬೇಕೆಂದರೆ ದಡದಿಂದ ತುಂಬಿಸಬೇಕು.

ದಡದಿಂದ ತುಂಬಿಸುವ ದಿನ ನಮಗೆ ಮೈಯೆಲ್ಲ ಕಣ್ಣು. ಕುಡಿಯುವ ನೀರಿನ ಹೋಸ್‌ಗೇ ಬೇರೆ ಬೀರು, ಎರಡೂ ತುದಿಗೆ ಮುಚ್ಚಳ, ಅದನ್ನು ಇನ್ಯಾವುದಕ್ಕೂ ಮುಟ್ಟುವಂತಿಲ್ಲ. ಡೆಕ್ ತೊಳೆಯೋಕೆ ಅಂತ ಯಾರಾದರೂ ಎತ್ತಿಕೊಂಡರೆ ದೊಡ್ಡ ಜಗಳ. ಮೊದಲು ದಡದ ನಲ್ಲಿಯ ನೀರನ್ನು ಕೆಲವು ನಿಮಿಷ ಸುಮ್ಮನೆ ಹರಿಯಬಿಟ್ಟು ಹೋಸ್ ತೊಳೆಯಬೇಕು, ಆಮೇಲೆ ನೀರಿನ ಪರೀಕ್ಷೆ, ಆಮೇಲೆ ಜೋಡಣೆ. ನಾನಿದ್ದ ಹಡಗುಗಳು ಅಮೆರಿಕದ ಬಂದರುಗಳಿಗೆ ಹೋಗುತ್ತಿದ್ದವು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವೆಸಲ್ ಸ್ಯಾನಿಟೇಶನ್ ಪ್ರೋಗ್ರಾಂ, ಅಂದರೆ ಹಡಗುಗಳ ಶುಚಿತ್ವ ತಪಾಸಣೆ ಎನ್ನುವುದು 1970ರ ದಶಕದಿಂದ ಇದೆ. ಅದರ ಇನ್ಸ್‌ಪೆಕ್ಟರುಗಳು ಹೇಳದೆ ಕೇಳದೆ ಹತ್ತುತ್ತಾರೆ. ನೂರಕ್ಕೆ 85 ಅಥವಾ ಕಡಿಮೆ ಬಂದರೆ ಫೇಲು, ಅಂಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತೆ. ಅವರ ಲೆಕ್ಕದಲ್ಲಿ ನೀರು ತುಂಬಿಸುವಾಗ, ತಯಾರಿಸುವಾಗ ಕ್ಲೋರಿನ್ ಕನಿಷ್ಠ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ತಿಂಗಳಿಗೆ ಕನಿಷ್ಠ ನಾಲ್ಕು ಕಡೆಯ ನೀರು ತೆಗೆದು ಇ. ಕೋಲಿ ಪರೀಕ್ಷೆ, ನೀರಿಗೆ ಮಲ ಸೇರಿದ್ದನ್ನು ತೋರಿಸುವ ಕ್ರಿಮಿ ಅದು. ದಾಖಲೆಗಳನ್ನು 12 ತಿಂಗಳು ಇಟ್ಟಿರಬೇಕು. ಅಮೆರಿಕಕ್ಕೆ ಹೋಗದ ಹಡಗಾದರೂ, ದೇಶದಿಂದ ದೇಶಕ್ಕೆ ಓಡಾಡುವುದಾದರೆ ಶಿಪ್ ಸ್ಯಾನಿಟೇಶನ್ ಸರ್ಟಿಫಿಕೇಟ್ ಬೇಕೇ ಬೇಕು, ಅದರ ಆಯುಸ್ಸು 6 ತಿಂಗಳು.

ಇಷ್ಟರಲ್ಲಿ ನನಗೆ ಮುಖ್ಯ ಅನಿಸಿದ್ದು, ಇವತ್ತಿಗೂ ಹೊಟ್ಟೆಪಾಡಿಗೆ ಬಂದಿದ್ದು ಒಂದೇ: ಅಳತೆ ಟ್ಯಾಂಕಿನ ಹತ್ತಿರ ಅಲ್ಲ, ಕೊನೇ ನಲ್ಲಿಯಲ್ಲಿ. ಪಂಪಿನಿಂದ ಎಲ್ಲಕ್ಕಿಂತ ದೂರದ ಜಾಗ ಯಾವುದು ನೋಡಿ, ಅಲ್ಲೊಂದು ಕ್ಲೋರಿನ್ ಅಳೆಯುವ ಯಂತ್ರ. ಹಗಲೂ ರಾತ್ರಿ ಅದು ಗೆರೆ ಎಳೆಯುತ್ತಲೇ ಇರುತ್ತೆ. ಆ ಗೆರೆ 0.2 ಪಿಪಿಎಂಗಿಂತ ಕೆಳಗೆ ಇಳಿಯಬಾರದು, 5 ದಾಟಬಾರದು. ಯಂತ್ರವನ್ನೂ ನಂಬುವಂತಿಲ್ಲ. ದಿನವೂ ಕೈಯಲ್ಲಿ ಪರೀಕ್ಷೆ ಮಾಡಿ ಅದರ ಅಂಕಿಗೆ ಹೋಲಿಸಬೇಕು. ಪುಟ್ಟ ಗಾಜಿನ ಸೀಸೆಗೆ 10 ಮಿಲಿ ನೀರು, ಅದಕ್ಕೊಂದು ಡಿಪಿಡಿ ಮಾತ್ರೆ ಪುಡಿ ಮಾಡಿ ಹಾಕಿ ಅಲುಗಿಸಿದರೆ ನೀರು ಗುಲಾಬಿಯಾಗುತ್ತೆ. ಬಣ್ಣ ಗಾಢ ಆದಷ್ಟೂ ಕ್ಲೋರಿನ್ ಜಾಸ್ತಿ. ಕೂಡಲೇ ಓದಿಕೊಳ್ಳಬೇಕು, ತಡ ಮಾಡಿದರೆ ಬಣ್ಣ ಏರಿ ಲೆಕ್ಕ ತಪ್ಪುತ್ತೆ. ಕಬ್ಬಿಣದ ಏಣಿ ಇಳಿದು, ಕಾಲಡಿ ಹಡಗು ಅಲ್ಲಾಡುತ್ತಿರುವಾಗ ಆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಬೆಳಗಿನ ಮೊದಲ ಕೆಲಸ. ಟ್ಯಾಂಕಲ್ಲಿ ಎಷ್ಟೇ ಶುದ್ಧ ಇರಲಿ, ಯಾರೂ ಬಳಸದೆ ನೀರು ನಿಂತ ಪೈಪಿನ ತುಂಡಲ್ಲಿ ಕ್ಲೋರಿನ್ ಕರಗಿಹೋಗುತ್ತೆ. ರೋಗ ಹುಟ್ಟುವುದೇ ಅಂಥ ಕಡೆ.

ಹಾಗಾದರೆ ಹಡಗಲ್ಲಿ ವಾಂತಿ ಭೇದಿ ಅಂತ ಪೇಪರಲ್ಲಿ ಬರುತ್ತಲ್ಲ? ಬಹುತೇಕ ಅದು ನೊರೊವೈರಸ್, ಹರಡುವುದು ಕೈಯಿಂದ, ಬಾಗಿಲ ಹಿಡಿಯಿಂದ, ಬಫೆಯ ಸೌಟಿನಿಂದ. ಸ್ಯಾನಿಟೈಸರ್‌ಗೆ ಅದು ಅಷ್ಟು ಸುಲಭವಾಗಿ ಬಗ್ಗಲ್ಲ, ಸೋಪು ಹಾಕಿ ಕೈ ತೊಳೆಯಬೇಕು. ಬಾಟಲಿ ನೀರಿಗೆ ದುಡ್ಡು ಸುರಿದು, ಅದೇ ಕೈಯಲ್ಲಿ ತೊಳೆಯದೆ ಬ್ರೆಡ್ ತಿನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹಡಗಿನ ಕೆಲಸ ಬಿಟ್ಟ ಮೇಲೆ ಅವ್ವನನ್ನು ಒಂದು ಕ್ರೂಸ್‌ಗೆ ಕರೆದುಕೊಂಡು ಹೋದೆ. ಅವ್ವನಿಗೆ ಅಬ್ಬಿಯಿಂದ, ಅಂದರೆ ಗುಡ್ಡದ ಝರಿಯಿಂದ ಇಳಿದು ಬರುವ ನೀರು ಬಿಟ್ಟು ಬೇರೆ ನೀರೇ ಅಲ್ಲ, ಹಾಸನದಲ್ಲಿ ಅಕ್ಕನ ಮನೆಗೆ ಹೋದರೂ ಹೇಮಾವತಿ ನೀರಿಗೆ ಮೂಗು ಮುರಿಯುವವಳು. ಕ್ಯಾಬಿನ್ ಮೇಜಿನ ಮೇಲೆ ಚಂದದ ಬಾಟಲಿ, ಅದರ ಕೊರಳಿಗೊಂದು ಚೀಟಿ. "ಇಟ್ಟವ್ರಲ್ಲ, ಕುಡೀಲಾ?" ಅಂದಳು. "ಮುಟ್ಬೇಡ ಕಣವ್ವ, ಚೀಟಿಲಿ ರೇಟು ಬರ್ದವ್ರೆ" ಅಂದೆ. ಆ ಬಾಟಲಿಯನ್ನು ಬಿಚ್ಚಿದರೆ ಬಿಲ್ಲಿಗೆ ಸೇರುತ್ತೆ. ಬಾತ್‌ರೂಮಿನ ನಲ್ಲಿಗೆ ಬರುವುದೂ ಅಡುಗೆಮನೆಗೆ ಹೋಗುವುದೂ ಒಂದೇ ಟ್ಯಾಂಕಿನ ನೀರು. ಕುಡಿಯಬೇಡಿ ಅಂತ ಬೋರ್ಡ್ ಇಲ್ಲದಿದ್ದರೆ ಕುಡಿಯಬಹುದು. ಬಾತ್‌ರೂಮಿನದು ಅಂದ ಕೂಡಲೇ ಅವ್ವ ಬಾಯಿಗೆ ಸೆರಗು ಹಿಡಿದಳು. ವಾದ ಮಾಡಲಿಲ್ಲ. ರಾತ್ರಿ ಒಂದು ಜಗ್ಗಿನಲ್ಲಿ ನೀರು ಹಿಡಿದು ಬಾಯಿ ತೆರೆದಿಟ್ಟೆ, ಬೆಳಗಾಗುವಷ್ಟರಲ್ಲಿ ಕ್ಲೋರಿನ್ ವಾಸನೆ ಹೋಗಿತ್ತು. ಹಗಲು ರೆಸ್ಟೋರೆಂಟಿನವರನ್ನು ಕೇಳಿ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು, ಊರಿಂದ ತಂದ ಜೀರಿಗೆ ಒಂದು ಚಿಟಿಕೆ. ಟ್ರಿಪ್ ಮುಗಿಯುವವರೆಗೆ ಅಷ್ಟರಲ್ಲೇ ಸಾಗಿತು.

ಬಾಟಲಿ ತುಂಬಿಸುವಾಗ ಒಂದು ಎಚ್ಚರ ಇರಲಿ. ಬಫೆಯ ನೀರಿನ ಯಂತ್ರದ ಮೂತಿಗೆ ನಿಮ್ಮ ಬಾಟಲಿಯ ಬಾಯಿ ತಾಗಿಸಬೇಡಿ. ನಿಮ್ಮ ಎಂಜಲು ಮುಂದಿನವರಿಗೆ, ಹಿಂದಿನವರದ್ದು ನಿಮಗೆ. ಲೋಟಕ್ಕೆ ಹಿಡಿದು ಬಾಟಲಿಗೆ ಸುರಿದುಕೊಳ್ಳಿ. ಹಡಗಿನವರು ಬೈಯುವುದು ಇದೇ ಕಾರಣಕ್ಕೆ, ನೀರು ಉಳಿಸಲಿಕ್ಕಲ್ಲ.

ಕೇಸ್‌ಗಟ್ಟಲೆ ಬಾಟಲಿ ಒಯ್ಯುವುದರ ಬಗ್ಗೆ: ಒಂದೊಂದು ಕಂಪನಿಯದು ಒಂದೊಂದು ನಿಯಮ, ಅದೂ ಆಗಾಗ ಬದಲಾಗುತ್ತೆ. ಟಿಕೆಟ್ ಜೊತೆಗಿನ ಷರತ್ತು ಓದಿ. ಕೆಲವರು ಲೆಕ್ಕ ಕಟ್ಟಿ ಬಿಡುತ್ತಾರೆ, ಕೆಲವರು ಬಾಟಲಿಯನ್ನೇ ಬಿಡಲ್ಲ. ನೀರಿನ ಬಾಟಲಿಯಲ್ಲಿ ವೋಡ್ಕಾ ತುಂಬಿ, ಸೀಲ್ ಹೊಸದಾಗಿ ಹಾಕಿ ಸಾಗಿಸುವ ಜಾಣರು ಜಾಸ್ತಿಯಾಗಿ ಈ ಬಿಗಿ ಬಂತು. ಬಾಟಲಿ ನೀರೇ ಬೇಕು ಅನ್ನುವವರು ಹೊರಡುವ ಮುಂಚೆಯೇ ಹಡಗಿನ ಕಂಪನಿಯಲ್ಲಿ ಪ್ಯಾಕೇಜ್ ಬುಕ್ ಮಾಡಬಹುದು, ಒಳಗೆ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಹಸುಗೂಸಿನ ಹಾಲಿನ ಪುಡಿಗೆ ಮಾತ್ರ ಯಾವ ನೀರಾದರೂ ಕುದಿಸಿಯೇ ಬಳಸಿ, ಬಾಟಲಿಯದಾದರೂ ಸರಿ.

ಬಂದರಿನಲ್ಲಿ ಇಳಿದಾಗ ಲೆಕ್ಕ ಬೇರೆ. ಬೆಳಿಗ್ಗೆ ಹಡಗಿನ ನೀರನ್ನೇ ಸ್ಟೀಲ್ ಬಾಟಲಿಗೆ ತುಂಬಿಕೊಂಡು ಇಳಿಯಿರಿ. ಅದು ಮುಗಿದರೆ ಮಾತ್ರ ಅಂಗಡಿಯಲ್ಲಿ ಸೀಲ್ ಆದ ಬಾಟಲಿ. ಮುಚ್ಚಳ ತಿರುಗಿಸುವಾಗ ಉಂಗುರ ಟಕ್ ಅಂತ ಕಿತ್ತುಬರಬೇಕು. ಬಿಸಿಲಲ್ಲಿ ಅಂಗಡಿ ಮುಂದೆ ಪೇರಿಸಿಟ್ಟದ್ದನ್ನು ನಾನು ತೆಗೆದುಕೊಳ್ಳಲ್ಲ. ನಮ್ಮ ದೇಶದ ಬಾಟಲಿಯಾದರೆ ಲೇಬಲ್ ಮೇಲೆ ಐಎಸ್ 14543 ಅಂತ ಇದ್ದರೆ ಅದು ಯಾವುದೋ ಮೂಲದ ನೀರನ್ನು ಶುದ್ಧ ಮಾಡಿ ತುಂಬಿಸಿದ್ದು, ಐಎಸ್ 13428 ಇದ್ದರೆ ಬುಗ್ಗೆಯಂಥ ಮೂಲದ ಸಹಜ ಖನಿಜ ನೀರು. ಖನಿಜ ನೀರಿನ ಬೆಲೆ ದುಪ್ಪಟ್ಟಿಗೂ ಮೇಲೆ, ಸುರಕ್ಷತೆಯಲ್ಲಿ ಎರಡಕ್ಕೂ ನನಗೆ ಅಂಥ ವ್ಯತ್ಯಾಸ ಕಂಡಿಲ್ಲ. ರಸ್ತೆಬದಿಯ ಜ್ಯೂಸಿನ ಐಸ್ ಮಾತ್ರ ಬೇಡ. ಬಾಟಲಿ ನೀರು ಕುಡಿದು ಕಾಪಾಡಿಕೊಂಡ ಹೊಟ್ಟೆಯನ್ನು ಕೆಡಿಸುವುದು ಅದೇ.

ಈ ಕೊನೇ ನಲ್ಲಿಯ ಅಭ್ಯಾಸವನ್ನೇ ನಾನು ಹೋಂಸ್ಟೇಗಳಿಗೆ ತಂದಿದ್ದು. ಕೇಂದ್ರದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲೂ ಉಳಿಕೆ ಕ್ಲೋರಿನ್, ಅಂದರೆ ಕ್ರಿಮಿ ಕೊಂದ ಮೇಲೂ ನೀರಲ್ಲಿ ಉಳಿದಿರುವ ಕ್ಲೋರಿನ್, ಕನಿಷ್ಠ ಅದೇ 0.2 ಪಿಪಿಎಂ. ಹಾನುಬಾಳು ಕಡೆಯ ಒಬ್ಬ ಗೌಡ್ರು ಅತಿಥಿಗಳಿಗಾಗಿ ರಾಶಿ ರಾಶಿ ಬಾಟಲಿ ತರಿಸುತ್ತಿದ್ದರು. ಖಾಲಿ ಬಾಟಲಿ ಹೊಳೆಬದಿ ಸೇರುತ್ತಿದ್ದವು. ಆರ್‌ಒ ಹಾಕಿಸಿ ಅಂತ ಯಾರೋ ಹೇಳಿದ್ದರಂತೆ. ನಾನು ಬೇಡ ಅಂದೆ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ತೊಂದರೆ, ಅಲ್ಲಿ ಆರ್‌ಒ ಬೇಕು, ಊರ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಸುವುದು ಸರಿಯೇ. ನಮ್ಮ ಮಲೆನಾಡ ಅಬ್ಬಿ ನೀರಲ್ಲಿ ಲವಣವೇ ಇಲ್ಲ, ಆರ್‌ಒ ಏನನ್ನು ತೆಗೀಬೇಕು? ಇಲ್ಲಿ ಇರುವುದು ಮಳೆಗಾಲದ ಕೆಸರು, ಕ್ರಿಮಿ.

ಮೊದಲು ಮರಳಿನ ಫಿಲ್ಟರ್ ಕಟ್ಟಿಸಿದೆ. ಕೆಸರು ನೀರಿಗೆ ಕ್ಲೋರಿನ್ ಹಾಕಿದರೆ ಕೆಸರೇ ಅದನ್ನು ತಿಂದುಹಾಕುತ್ತೆ. ಆಮೇಲೆ ಬ್ಲೀಚಿಂಗ್ ಪೌಡರ್, 1000 ಲೀಟರಿಗೆ ಸುಮಾರು 2.5 ಗ್ರಾಂ. ಮಗ್ಗಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು. ಕನಿಷ್ಠ ಅರ್ಧ ಗಂಟೆ ಬಿಟ್ಟು ಬಳಕೆ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಿ ಗುಲಾಬಿ ಬಣ್ಣ ಚೆನ್ನಾಗಿ ಬಂತು. ತೋಟದ ಕೊನೆಯ ಕಾಟೇಜಿನಲ್ಲಿ ಹಿಡಿದ ನೀರು ಬಣ್ಣವೇ ಬರದೆ ಹಾಗೇ ನಿಂತಿತು. ಗೌಡ್ರು ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಲುಗಿಸಿ ಅಲುಗಿಸಿ ನೋಡಿದರು. "ಮಾತ್ರೆ ಹಾಕೋದು ಮರ್ತ್ಯೇನೋ?"

ಮಾತ್ರೆ ಹಾಕಿದ್ದೆ. ಪೈಪ್ ಜಾಡು ಹಿಡಿದು ನಡೆದರೆ, ತೋಟದ ಕೂಲಿಯವರ ಹಳೇ ಲೈನ್ ಮನೆಗಳಿಗೆ ಹೋಗುತ್ತಿದ್ದ ಒಂದು ಕವಲು ಇನ್ನೂ ಕೂಡಿಕೊಂಡೇ ಇತ್ತು. ಅದರ ತುದಿಗೆ ಬರೀ ಮುಚ್ಚಳ, ಒಳಗೆ ಕಾಲ ಕಾಲದ ಲೋಳೆ. ಅದನ್ನು ಬುಡದಲ್ಲೇ ಕತ್ತರಿಸಿ ಮುಚ್ಚಿ, ಲೈನಿಗೆ ಜಾಸ್ತಿ ಕ್ಲೋರಿನ್ ತುಂಬಿ ರಾತ್ರಿ ಬಿಟ್ಟು, ಬೆಳಿಗ್ಗೆ ಪೂರ್ತಿ ಹರಿಸಿದ ಮೇಲೆ ಕೊನೇ ಕಾಟೇಜಿಗೂ ಬಣ್ಣ ಬಂತು. ಈಗ ಅಲ್ಲಿ ಪ್ರತಿ ರೂಮಿಗೆ ತಾಮ್ರದ ಚೊಂಬು, ಮುಚ್ಚಳದ ಜಗ್ಗು. ಅಡುಗೆಮನೆ ಗೋಡೆಗೆ ಒಂದು ಚಾರ್ಟ್, ಕೊನೇ ಕಾಟೇಜಿನ ಅಂಕಿ ಮಾತ್ರ ಬರೆಯುವುದು. ಬೆಂಗಳೂರಿನಿಂದ ಬರುವವರಲ್ಲಿ ಅರ್ಧ ಜನ ಡಿಕ್ಕಿ ತುಂಬ ಬಾಟಲಿ ತಂದಿರುತ್ತಾರೆ, ಗೌಡ್ರ ಮನೆಯವರು ಚಾರ್ಟ್ ತೋರಿಸಿದ ಮೇಲೆ ಕೆಲವರು ಜಗ್ಗಿನ ನೀರಿಗೆ ಕೈ ಹಾಕುತ್ತಾರೆ. ಉಳಿದವರನ್ನು ಒತ್ತಾಯ ಮಾಡಬೇಡಿ ಅಂದಿದ್ದೇನೆ.

ನೀವೂ ಮಾಡುವುದಾದರೆ ಕಿಟ್ ದುಬಾರಿಯೇನಲ್ಲ. ಬ್ಲೀಚಿಂಗ್ ಪೌಡರ್ ಗಾಳಿಯಾಡಿದರೆ ಸತ್ವ ಹೋಗುತ್ತೆ, ಬಿಗಿ ಡಬ್ಬಿಯಲ್ಲಿಡಿ. ಡಿಪಿಡಿ ಮಾತ್ರೆಗೂ ನಮ್ಮ ಜುಲೈ ತಿಂಗಳ ಥಂಡಿ ಆಗಲ್ಲ, ಪಟ್ಟಿ ಹರಿದದ್ದು, ಒದ್ದೆಯಾದದ್ದು ಬಳಸಬೇಡಿ. ಮಳೆ ಹಿಡಿಯುವುದಕ್ಕೆ ಮೊದಲೇ ಹೊಸದು ತರಿಸಿಟ್ಟುಕೊಳ್ಳಿ.