ತಾಜ್ ಹೋಟೆಲಿಗೂ ಒಂದು ಪ್ರದಕ್ಷಿಣೆ ಹಾಕಿ

ನಾನು ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಗೈಡ್. ಮಗಳು ಮುಂಬೈಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅರಸೀಕೆರೆಯಲ್ಲಿ ರೈಲು ಹತ್ತುವುದು ಜಾಸ್ತಿಯಾಗಿದೆ. ನಮ್ಮ ಕಡೆಯವರು ಅಲ್ಲಿಗೆ ಹೋದರೆ ತಾಜ್ ಹೋಟೆಲಿನ ಮುಂದೆ ಒಂದು ಫೋಟೋ ಹೊಡೆಸಿಕೊಂಡು, ಎದುರಿನ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ದೋಣಿ ಹತ್ತುತ್ತಾರೆ. ಹಾಗೆ ಮಾಡಬೇಡಿ. ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಹೊರಗಿನಿಂದ ನೋಡಲು ಕಾಸು ಬೇಕಿಲ್ಲ.

ಬೆಳಿಗ್ಗೆ ಎಂಟರೊಳಗೆ ಹೋಗಿ. ಮುಂಬೈ ಅಂದರೆ ಸಮುದ್ರ ಪಶ್ಚಿಮಕ್ಕೆ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ನೀರಿರುವುದು ಪೂರ್ವಕ್ಕೆ, ಬಂದರಿನ ಕಡೆ. ನಮ್ಮ ಕೇಶವನಿಗೆ ಬೀಳುವ ಹಾಗೆ ಎಳೆಬಿಸಿಲು ನೇರ ಮುಖಕ್ಕೇ ಬೀಳುತ್ತದೆ. ಸಂಜೆ ಹೋದರೆ ಸೂರ್ಯ ಬೆನ್ನಿಗಿರುತ್ತಾನೆ, ಕೆತ್ತನೆ ಕಾಣುವುದಿಲ್ಲ.

ಬೇಲೂರಿಗೆ ಬಂದವರಿಗೆ ನಾನು ಹೇಳುವ ಮೊದಲ ಮಾತು: ಜಗತಿಯಿಂದ, ಅಂದರೆ ಗುಡಿ ನಿಂತಿರುವ ಕಟ್ಟೆಯಿಂದ ಶುರು ಮಾಡಿ, ಕಣ್ಣು ನಿಧಾನವಾಗಿ ಮೇಲಕ್ಕೆ ಹೋಗಲಿ. ಇಲ್ಲೂ ಅಷ್ಟೇ. ಕೆಳಗೆ ಕಲ್ಲಿನ ಕಮಾನುಗಳು. ಮೇಲೆ ಗೋಡೆಯಿಂದ ಮುಂದಕ್ಕೆ ಚಾಚಿದ ಕಿಟಕಿಗಳು, ರಾಜಸ್ಥಾನದ ಅರಮನೆಯಲ್ಲಿರುವಂಥವು. ಮೂಲೆಗಳಲ್ಲಿ ಸಣ್ಣ ಗುಮ್ಮಟಗಳು. ನಡುವೆ ದೊಡ್ಡ ಕೆಂಪು ಗುಮ್ಮಟ, ಅದು ಯುರೋಪಿನ ಧಾಟಿ. 2008ರ ನವೆಂಬರ್ ದಾಳಿಯಲ್ಲಿ ಹೊಗೆ ಏಳುತ್ತಿದ್ದುದನ್ನು ಟಿವಿಯಲ್ಲಿ ನೋಡಿದೆವಲ್ಲ, ಈ ಗುಮ್ಮಟವೇ. ರಿಪೇರಿ ಮುಗಿದು ಹಳೆಯ ಭಾಗ ಮತ್ತೆ ತೆರೆದದ್ದು 2010ರ ಆಗಸ್ಟ್ 15ಕ್ಕೆ.

ಬಲಗಡೆ ನಿಂತಿರುವ ಎತ್ತರದ ಟವರ್ 1970ರ ದಶಕದ್ದು. ಅದನ್ನು ಹಳೆಯದರ ಜೊತೆ ಸೇರಿಸಿ ನೋಡಬೇಡಿ. ನನಗಂತೂ ಅದು ಹಿಡಿಸಲಿಲ್ಲ.

ಈಗ ಎಡಕ್ಕೆ ಹೊರಟು ಕಟ್ಟಡ ಬಲಕ್ಕಿರುವಂತೆ ಒಂದು ಸುತ್ತು ಬನ್ನಿ. ಹಿಂದಿನ ರಸ್ತೆಗೆ ಬಂದಾಗ ನಿಲ್ಲಿ. ಹೋಟೆಲಿನ ಮೊದಲ ಬಾಗಿಲು ಇದ್ದದ್ದು ಈ ಕಡೆ! ಈಗ ಅಲ್ಲಿ ಈಜುಕೊಳವಿದೆ, ಒಳಗೆ ಬಿಡುವುದಿಲ್ಲ.

ಇಲ್ಲೇ ನಾನು ಮೋಸ ಹೋದದ್ದು. ಮೊದಲ ಸಲ ಹೋದಾಗ ಒಬ್ಬ ದೋಣಿಯವನು, 'ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರು, ಅದನ್ನು ನೋಡಿ ಇಂಜಿನಿಯರ್ ಪ್ರಾಣ ಕಳೆದುಕೊಂಡ' ಎಂದ. ನಾನು ಮನೆಯವರಿಗೆಲ್ಲ ಕಣ್ಣಗಲಿಸಿ ಅದನ್ನೇ ಹೇಳಿದೆ. ಮಗಳು ನಕ್ಕಳು. 'ಅಪ್ಪಾ, ನೀನೂ ಜಕಣಾಚಾರಿ ಕೈ ಕಡಿದುಕೊಂಡ ಕಥೆ ಹೇಳಿಯೇ ದುಡಿಯೋದು, ನಿನಗೆ ಗೊತ್ತಾಗಲಿಲ್ವಾ?' ಎಂದಳು. ಸರಿಯಾಗಿ ತಿವಿದಳು. ನಮ್ಮ ದೇವಸ್ಥಾನದ ಕಪ್ಪೆ ಚೆನ್ನಿಗರಾಯನ ಮುಂದೆ ನಾನು ಆ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಆದರೆ ಬೇಲೂರಿನ ಕಲ್ಲಿನಲ್ಲಿ ಕೊರೆದಿರುವ ಶಿಲ್ಪಿಗಳ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವು. ಅವರನ್ನು ಯಾರೂ ಕೇಳುವುದಿಲ್ಲ.

ತಾಜ್ ಕಥೆಯೂ ಹಾಗೇ, ಬರೀ ಕಟ್ಟುಕಥೆ. ನಕ್ಷೆ ಮಾಡಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ. ಮುಗಿಸಿದವರು ಡಬ್ಲ್ಯು.ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಇಂಜಿನಿಯರ್. ಬಾಗಿಲನ್ನು ಬೇಕೆಂದೇ ಊರ ಕಡೆ ಇಟ್ಟರು. ಕುದುರೆ ಗಾಡಿ ಬರುತ್ತಿದ್ದದ್ದು ಆ ಕಡೆಯಿಂದ. ಸಮುದ್ರದ ಕಡೆಯನ್ನು ಕೋಣೆಗಳಿಗೆ ಬಿಟ್ಟರು. ಜೆಮ್‌ಶೆಡ್‌ಜಿ ಟಾಟಾ ಇದನ್ನು ತೆರೆದದ್ದು 1903ರ ಡಿಸೆಂಬರ್ 16ರಂದು. ಎದುರಿನ ಗೇಟ್‌ವೇ ಪೂರ್ತಿಯಾದದ್ದು 1924ರಲ್ಲಿ. ಅಂದರೆ ಹೋಟೆಲೇ ಅಣ್ಣ. ಮೊದಲ ಮಹಾಯುದ್ಧದಲ್ಲಿ ಇದು 600 ಹಾಸಿಗೆಯ ಆಸ್ಪತ್ರೆಯೂ ಆಗಿತ್ತು.

ಒಳಗೆ ಹೋಗುವ ಆಸೆಯಿದ್ದರೆ ಒಳ್ಳೆ ಬಟ್ಟೆ ಹಾಕಿಕೊಳ್ಳಿ, ಬ್ಯಾಗ್ ಕಡಿಮೆ ಇರಲಿ. ಬಾಗಿಲಲ್ಲಿ ತಪಾಸಣೆ ಇರುತ್ತದೆ. ಮೊದಲ ಮಹಡಿಯ ಸೀ ಲೌಂಜ್‌ನಲ್ಲಿ ಕಿಟಕಿ ಪಕ್ಕದ ಟೇಬಲ್ ಕೇಳಿ. ಸುಮ್ನೆ ಒಂದೇ ಕಾಫಿ ಹೇಳಿ ಕೂತು ಬಂದರನ್ನು ನೋಡಿ. ಬಿಲ್ ಬಂದಾಗ ನನ್ನ ಹೆಂಡತಿ, 'ಈ ದುಡ್ಡಿಗೆ ಊರಲ್ಲಿ ತಿಂಗಳ ಕಾಫಿಪುಡಿ ಬರುತ್ತಿತ್ತಲ್ರೀ' ಎಂದಳು. ಲೋಟದ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅದನ್ನೂ ಬಿಡದೆ ಕುಡಿದಳು.