ಕಡ್ಡಿ ಎಣಿಸಬೇಡಿ, ಡಿಬಿಎಂ ನೋಡಿ: ಮನೆಯೊಳಗೆ 5ಜಿ ವೇಗ ಪಡೆಯುವುದು ಹೇಗೆ?

ಮಲೆನಾಡಿನ ನೆಂಟರೊಬ್ಬರ ಮನೆಗೆ ಹೋದಾಗ ಅವರ ಫೋನು ಕಿಟಕಿಯ ಬಳಿ ಸ್ಟೀಲ್ ಚೊಂಬಿನೊಳಗೆ ನಿಂತಿತ್ತು. ಚೊಂಬಿನಲ್ಲಿಟ್ಟರೆ ಹಾಡು ಜೋರಾಗುತ್ತದಲ್ಲ, ಸಿಗ್ನಲ್ಲೂ ಜೋರಾಗುತ್ತದೆ ಎಂಬುದು ಅವರ ಲೆಕ್ಕ. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಆದ್ದರಿಂದ ಮೊದಲ ಹೆಜ್ಜೆ, ಫೋನನ್ನು ಚೊಂಬಿನಿಂದ ಹೊರಗೆ ತೆಗೆಯಿರಿ.

ಎರಡನೆಯದು, ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 5ಜಿ ಆಯ್ಕೆ ಆನ್ ಇದೆಯೇ, ರೀಚಾರ್ಜ್‌ನಲ್ಲಿ 5ಜಿ ಸೇರಿದೆಯೇ ನೋಡಿ. ಅಷ್ಟೇ.

ಜನ ಎಡವುವುದು ಮೂರನೆಯದರಲ್ಲಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ನಿಗದಿ ಮಾಡುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ 'ಅಬೌಟ್ ಫೋನ್' ಒಳಗಿನ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಬಲವನ್ನು ಅಳೆದು ಹೇಳುವ ಡಿಬಿಎಂ ಎಂಬ ಅಂಕಿ ಸಿಗುತ್ತದೆ. ಅದು ಮೈನಸ್‌ನಲ್ಲಿರುತ್ತದೆ, ಇಲ್ಲೇ ಎಡವಟ್ಟು: 110 ದೊಡ್ಡದೆಂದು ಹಿಗ್ಗುವವರಿದ್ದಾರೆ. −80 ಚೆನ್ನ, −110 ಕಳಪೆ. −100 ಇದ್ದದ್ದು −90 ಆದರೆ ಸಿಗ್ನಲ್ ಬಲ ಹತ್ತು ಪಟ್ಟು ಏರಿತು ಎಂದರ್ಥ.

ಒಂದು ಚೀಟಿ ಹಿಡಿದು ಜಗಲಿ, ಅಡುಗೆಮನೆ, ಅಟ್ಟ, ಪ್ರತಿಯೊಂದು ಕಿಟಕಿಯ ಬಳಿಯೂ ಅಳೆಯಿರಿ. ಫೋನನ್ನು ಕೈಯಲ್ಲಿ ಹಿಡಿಯದೆ ಕೆಳಗಿಟ್ಟು ಅರ್ಧ ನಿಮಿಷ ಕಾಯಿರಿ. ಅಂಕಿ ತಡವಾಗಿ ಬದಲಾಗುತ್ತದೆ, ಆಂಟೆನಾ ಮೇಲೆ ಕೈ ಮುಚ್ಚಿದರೆ ಲೆಕ್ಕ ತಪ್ಪುತ್ತದೆ. ನೆಂಟರ ಮನೆಯ ಅಡುಗೆಮನೆಯಲ್ಲಿ −112 ಇತ್ತು, ಅಟ್ಟದ ಗವಾಕ್ಷಿಯಲ್ಲಿ −93. ಅಂಕಿ ಚೆನ್ನಾಗಿದ್ದೂ ಸಂಜೆ ಮಾತ್ರ ವೇಗ ಕುಸಿದರೆ, ಟವರಿನ ಮೇಲೆ ಜನಸಂದಣಿ ಹೆಚ್ಚಾಗಿದೆ ಎಂದೇ ಹೆಚ್ಚಾಗಿ ಅರ್ಥ. ಅದಕ್ಕೆ ಮನೆಯೊಳಗೆ ಮದ್ದಿಲ್ಲ.

ಇನ್ನು 5ಜಿ ವ್ಯಾಮೋಹ. 2022ರ ಅಕ್ಟೋಬರ್ 1ರಂದು ನಮ್ಮಲ್ಲಿ ಆರಂಭವಾದ ಈ ಸೇವೆಯ ವೇಗದ ಬೆನ್ನೆಲುಬು 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗಾಂತರ. ಅದು ದತ್ತಾಂಶವನ್ನು ರಾಶಿ ರಾಶಿ ಹೊರುತ್ತದೆ, ಆದರೆ ದಪ್ಪ ಗೋಡೆ ಎದುರಾದರೆ ಸೊರಗುತ್ತದೆ. 700 ಮೆಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಹೊರೆ ಮಾತ್ರ ಕಡಿಮೆ. ಹಾಗಾಗಿ 5ಜಿ −115, 4ಜಿ −90 ಎಂದಿದ್ದರೆ ಮುಲಾಜಿಲ್ಲದೆ 4ಜಿಗೆ ಬದಲಾಯಿಸಿ. ಎರಡರ ನಡುವೆ ತೂಗಾಡುವ ಫೋನು ಬ್ಯಾಟರಿಯನ್ನೂ ತಿನ್ನುತ್ತದೆ.

ಫೋನಿನ ಹಿಂದೆ ಅಂಟಿಸುವ 'ಸಿಗ್ನಲ್ ಬೂಸ್ಟರ್' ಸ್ಟಿಕ್ಕರ್ ಶುದ್ಧ ಮೋಸ. ವೇಗ ಹೆಚ್ಚಿಸುವ ಆ್ಯಪ್‌ಗಳು ಜಾಹೀರಾತು ತೋರಿಸಲಿಕ್ಕಷ್ಟೇ ಲಾಯಕ್ಕು. ಮನೆ ಮೇಲೆ ನಾವೇ ರಿಪೀಟರ್ (ಸಿಗ್ನಲ್ ಹಿಡಿದು ಬಲಗೊಳಿಸಿ ಮತ್ತೆ ಬಿಡುವ ಯಂತ್ರ) ಕೂರಿಸುವುದು ಕಾನೂನುಬಾಹಿರ, ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ.

ಕೊನೆಗೆ, ಅತ್ಯುತ್ತಮ ಅಂಕಿ ಸಿಕ್ಕ ಜಾಗದಲ್ಲಿ ಹಳೆಯ ಫೋನೊಂದನ್ನು ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಿ. ಹಾಟ್‌ಸ್ಪಾಟ್ ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ, ಕೋಣೆಗಳನ್ನು ದಾಟಲು ಅದೇ ವಾಸಿ. ಚಾರ್ಜರ್‌ಗೆ ಸದಾ ಸಿಕ್ಕಿಸಿಟ್ಟ ಫೋನು ಬಿಸಿಯಾಗುತ್ತದೆ, ಬಿಸಿಲು ಬೀಳುವ ಕಿಟಕಿಯಾದರೆ ಪಕ್ಕಕ್ಕೆ ಸರಿಸಿ. ಮಳೆಗಾಲದಲ್ಲಿ ಇನ್ನೊಮ್ಮೆ ಅಳೆಯಿರಿ. ತೋಟದ ಒದ್ದೆ ಎಲೆಗಳು ಅಲೆಯನ್ನು ಹೀರುತ್ತವೆ, ಬೇಸಿಗೆಯ ಜಾಗ ಆಗ ನಡೆಯದೆ ಇರಬಹುದು.