ಮಗ, ಮಗಳು ಹೊಸದಾಗಿ ಗಾಡಿ ಹಿಡಿದಾಗ: ಟ್ರ್ಯಾಕರ್ ಹಾಕಿಸುವ ಮೊದಲು, ಹಾಕಿಸಿದ ಮೇಲೆ

ಕಲಬುರಗಿಗೆ ವರ್ಗವಾಗಿ ಬಂದ ಮನೆಗಳಲ್ಲಿ ಮೊದಲ ವರ್ಷವೇ ಈ ಮಾತು ಬರುತ್ತದೆ: ಕಾಲೇಜು ದೂರ, ಬಸ್ಸಿನ ಹೊತ್ತು ಹೊಂದುತ್ತಿಲ್ಲ, ಹುಡುಗನಿಗೊಂದು ಗಾಡಿ ಕೊಡಿಸೋಣ, ಧೈರ್ಯಕ್ಕೆ ಒಂದು ಜಿಪಿಎಸ್ ಹಾಕಿಸೋಣ. ಗಾಡಿ ಕೊಡಿಸುವುದು ಬಿಡುವುದು ನಿಮ್ಮ ಮನೆಯ ತೀರ್ಮಾನ. ಜಿಪಿಎಸ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇವೆ.

ಮೊದಲು ವಯಸ್ಸು. ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ 16ಕ್ಕೆ ಲೈಸೆನ್ಸ್ ಸಿಗುತ್ತದೆ. ಶೋರೂಮಿನಲ್ಲಿ ಸಾಲಾಗಿ ನಿಂತಿರುವ ಸ್ಕೂಟರ್‌ಗಳು 110, 125 ಸಿಸಿಯವು. ಅವಕ್ಕೂ ಕಾರಿಗೂ 18 ತುಂಬಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು ಎಂದು ಪೋಷಕರು ರುಜುವಾತು ಮಾಡಿದರೆ ಪಾರಾಗಬಹುದು. ಆದರೆ ಮಗ ದಿನಾ ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಹೋಗಿಬಂದ ಗೆರೆಯೆಲ್ಲ ನಿಮ್ಮದೇ ಫೋನಿನಲ್ಲಿದ್ದರೆ 'ಗೊತ್ತಿರಲಿಲ್ಲ' ಅನ್ನುವುದು ಹೇಗೆ? ಪಿಯುಸಿ ಮಕ್ಕಳಿಗೆ ಸೈಕಲ್ ಕೊಡಿಸಿ; ಇಲ್ಲವೆ 250 ವಾಟ್ ಒಳಗಿನ, ಗಂಟೆಗೆ 25 ಕಿ.ಮೀ. ದಾಟದ ಬ್ಯಾಟರಿ ಸ್ಕೂಟರ್ ಕೊಡಿಸಿ, ಅದಕ್ಕೆ ಲೈಸೆನ್ಸ್ ಬೇಡ.

18 ತುಂಬಿದ ಮೇಲೆ ಸಾರಿಗೆ ಇಲಾಖೆಯ ಸಾರಥಿ ಪೋರ್ಟಲಿನಲ್ಲಿ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿ. ಅದು 6 ತಿಂಗಳು ನಡೆಯುತ್ತದೆ, ಡಿಎಲ್ ಪರೀಕ್ಷೆಗೆ 30 ದಿನ ಆಗಿರಬೇಕು. ಅಲ್ಲಿಯವರೆಗೆ ಕಾರಿನ ಹಿಂದೆ ಮುಂದೆ ಕೆಂಪು 'ಎಲ್', ಪಕ್ಕದ ಸೀಟಿನಲ್ಲಿ ಡಿಎಲ್ ಇದ್ದವರು. ಎಲ್‌ಎಲ್‌ಆರ್ ಮೇಲೆ ಒಬ್ಬನೇ ಕಾರು ಒಯ್ದು ಅಪಘಾತವಾದರೆ ವಿಮೆ ಕಂಪನಿಯ ಜೊತೆ ಜಗ್ಗಾಟ ತಪ್ಪದು.

ಇದರಿಂದಲೇ ಮುಂದಿನ ಮಾತು. ಕಾರು ಓಡಿಸುವ ನಿಮ್ಮ ಮಗಳು ನಿಮಗೆ ಎಷ್ಟೇ ಚಿಕ್ಕವಳಾದರೂ ಕಾನೂನಿಗೆ ದೊಡ್ಡವಳು. ನಿಮ್ಮ ಹೆಸರಿನ ಕಾರಿಗೆ ಟ್ರ್ಯಾಕರ್ ಹಾಕಿಸುವುದು ಬೇರೆ, ಅವಳ ಫೋನಿನಲ್ಲಿ ಅವಳಿಗೆ ಗೊತ್ತಿಲ್ಲದಂತೆ ಆ್ಯಪ್ ಇಳಿಸುವುದು ಬೇರೆ. ಎರಡನೆಯದು ಬೇಡವೇ ಬೇಡ. ಮೊದಲನೆಯದನ್ನೂ ಹೇಳಿಯೇ ಮಾಡಿ. ಕದ್ದು ಇಟ್ಟದ್ದು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ಆಮೇಲೆ ಫೋನ್ ಮನೆಯಲ್ಲೇ ಬಿಟ್ಟು ಗೆಳೆಯನ ಬೈಕ್ ಹತ್ತುತ್ತಾರೆ. ಅಲ್ಲಿಗೆ ನಿಮ್ಮ ಕೈಲಿದ್ದ ಮಾಹಿತಿಯೂ ಹೋಯಿತು.

ಯಾವುದನ್ನು ಕೊಳ್ಳಬೇಕು

ಏನೂ ಕೊಳ್ಳದೆಯೂ ಆಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಹಂಚಿಕೊಂಡರೆ ಜಾಗದ ಜೊತೆ ಫೋನಿನ ಬ್ಯಾಟರಿ ಎಷ್ಟಿದೆ ಎಂಬುದೂ ಕಾಣುತ್ತದೆ. ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ತಾನೇ ನಿಲ್ಲುತ್ತದೆ. ಒಂದು ಪ್ರಯಾಣಕ್ಕೆ ಅದು ಸಾಕು, ಮಕ್ಕಳೂ ಬೇಗ ಒಪ್ಪುತ್ತಾರೆ. 'ನಕ್ಷೆಯ ಮೇಲಿನ ಚುಕ್ಕೆ ಅಲ್ಲಾಡ್ತಿಲ್ಲ' ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್: ಪರದೆ ಆರಿದ ಕೂಡಲೇ ಅದು ಆ್ಯಪನ್ನು ಮಲಗಿಸುತ್ತದೆ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಲೊಕೇಶನ್ ಅನುಮತಿ 'ಯಾವಾಗಲೂ' ಎಂದಿರಲಿ, ಆಟೋಸ್ಟಾರ್ಟ್ ಇದ್ದರೆ ಆನ್ ಮಾಡಿ.

ಫೋನು ಹೇಳುವುದು ಮಗ ಎಲ್ಲಿದ್ದಾನೆಂದು, ಗಾಡಿಗೆ ಕೂರಿಸಿದ ಯಂತ್ರ ಹೇಳುವುದು ಗಾಡಿ ಎಲ್ಲಿದೆಯೆಂದು. ಗಾಡಿ ಯಾರ ಕೈಲಿದೆ ಎಂದು ಎರಡೂ ಹೇಳವು. ಹೆಲ್ಮೆಟ್ ಹಾಕಿದ್ದಾನೋ ಇಲ್ಲವೋ, ಹಿಂದೆ ಇಬ್ಬರು ಕೂತಿದ್ದಾರೋ, ಬೆಲ್ಟ್ ಹಾಕಿದೆಯೋ, ಇದೂ ಅವಕ್ಕೆ ಕಾಣದು.

ಕಾರಿಗೆ ಸುಲಭದ್ದು ಒಬಿಡಿ ಪ್ಲಗ್. ಸ್ಟಿಯರಿಂಗ್ ಕೆಳಗೆ ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿದರೆ ಮುಗಿಯಿತು, ವೈರ್ ಕತ್ತರಿಸುವ ಮಾತಿಲ್ಲ, ವಾರಂಟಿ ತಕರಾರೂ ಕಡಿಮೆ. ಕಿತ್ತಿಡುವುದೂ ಅಷ್ಟೇ ಸುಲಭ. ಹೇಳಿ ಹಾಕಿಸಿದ್ದರೆ ಅದೊಂದು ಕೊರತೆಯಲ್ಲ. ಕಾರು ಎಲ್ಲಿದೆಯೆಂದು ಫೋನಿಗೆ ತೋರಿಸುವ ಕಂಪನಿಯ ಕನೆಕ್ಟೆಡ್ ಸೌಲಭ್ಯ ಕಾರಿನಲ್ಲಿ ಮೊದಲೇ ಇದ್ದರೆ ಬೇರೆ ಯಂತ್ರವೇ ಬೇಡ, ಅದರ ವಾಯಿದೆ ಮುಗಿದಿಲ್ಲವೇ ನೋಡಿಕೊಳ್ಳಿ. ಇಲ್ಲಿಗೆ ಬಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮೊದಲು ಹಳೆಯ ಮಾಲೀಕರ ಖಾತೆ ತೆಗೆಸಿ. ಇಲ್ಲದಿದ್ದರೆ ನಿಮ್ಮ ಮಗಳು ಎಲ್ಲಿದ್ದಾಳೆಂದು ಅವರಿಗೂ ಕಾಣುತ್ತಿರುತ್ತದೆ.

ಏರ್‌ಟ್ಯಾಗ್ ತರಹದ ಬಿಲ್ಲೆಗಳು ಇದಕ್ಕಲ್ಲ. ಅವಕ್ಕೆ ಸ್ವಂತ ಜಿಪಿಎಸ್ ಇಲ್ಲ, ಹತ್ತಿರದಲ್ಲಿ ಯಾರದೋ ಆ್ಯಪಲ್ ಫೋನ್ ಹಾದುಹೋದರೆ ಮಾತ್ರ ಜಾಗ ತಿಳಿಯುತ್ತದೆ. ಅಫಜಲಪುರದ ದಾರಿಯಲ್ಲಿ ಹೊಲದ ನಡುವೆ ನಿಂತ ಗಾಡಿಗೆ ಅದನ್ನು ನಂಬಿ ಕೂರಬಾರದು. 'ಎಐಎಸ್ 140 ಕಡ್ಡಾಯ ಸರ್' ಎಂದು ದುಬಾರಿ ಪೆಟ್ಟಿಗೆ ತೋರಿಸುವವರೂ ಇದ್ದಾರೆ. ಆ ನಿಯಮ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ಹಳದಿ ಬೋರ್ಡಿನ ವಾಹನಗಳಿಗೆ, ನಿಮ್ಮ ಬಿಳಿ ಬೋರ್ಡಿನ ಕಾರಿಗಲ್ಲ.

ವೈರ್ ಎಳೆದು ಕೂರಿಸುವುದಾದರೆ

ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಅರ್ಧ ಗಂಟೆ ಸಾಕು. ಸಾಮಾನ್ಯವಾಗಿ ನಾಲ್ಕು ವೈರ್ ಇರುತ್ತವೆ. ಕೆಂಪು ಬ್ಯಾಟರಿಗೆ, ನಡುವೆ 1 ಅಥವಾ 2 ಆಂಪಿಯರ್ ಫ್ಯೂಸ್. ಫ್ಯೂಸ್ ಇಲ್ಲದೆ ಟೇಪು ಸುತ್ತಿಬಿಟ್ಟರೆ ಬಿಚ್ಚಿಸಿ ಮತ್ತೆ ಹಾಕಿಸಿ. ಕಪ್ಪು ಗಾಡಿಯ ಲೋಹದ ಮೈಗೆ, ಬಣ್ಣ ಕೆರೆದ ಬೋಲ್ಟಿಗೆ. ಮೂರನೆಯದು ಎಸಿಸಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿಗೆ. ಇದನ್ನು ಬಿಟ್ಟರೆ ಗಾಡಿ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಯಂತ್ರಕ್ಕೆ ಸರಿಯಾಗಿ ತಿಳಿಯದೆ ಮೂರು ಪ್ರಯಾಣ ಒಂದಾಗಿ ಕಾಣುತ್ತದೆ.

ನಾಲ್ಕನೆಯದು ರಿಲೇ ವೈರ್, ದೂರದಿಂದ ಎಂಜಿನ್ ಆರಿಸಲು. ಅದನ್ನು ಎಲ್ಲಿಗೂ ಜೋಡಿಸಬೇಡಿ, ತುದಿಗೆ ಟೇಪು ಸುತ್ತಿ ಬಿಡಿಸಿ. ಓಡುತ್ತಿರುವ ಗಾಡಿಯ ಎಂಜಿನ್ ಆರಿದರೆ ಪವರ್ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಒಂದೆರಡು ಸಲ ತುಳಿಯುವುದರೊಳಗೆ ಬ್ರೇಕ್ ಪೆಡಲೂ ಗಟ್ಟಿಯಾಗುತ್ತದೆ. ಹಿಂದೆ ಲಾರಿ ಇರುವಾಗ ಹೊಸ ಕೈಗೆ ಅದು ಆಗದ ಮಾತು. ಹೊರಗಿನವರ ಭಯವೂ ಇದೆ: ಚೀನಾದ ಒಂದು ಟ್ರ್ಯಾಕರ್ ಮಾದರಿಯಲ್ಲಿ ಹೊರಗಿನವರು ನುಗ್ಗಿ ಇಂಧನವನ್ನೇ ನಿಲ್ಲಿಸಬಹುದಾದ ದೋಷಗಳಿವೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ 2022ರ ಜುಲೈನಲ್ಲಿ ಎಚ್ಚರಿಸಿತ್ತು. ಅದರಲ್ಲಿ ಬಂದ ಪಾಸ್‌ವರ್ಡ್ 123456. ನಿಮ್ಮದರಲ್ಲೂ ಅದೇ ಇದ್ದರೆ ಅಂಗಡಿ ಬಿಡುವ ಮೊದಲೇ ಬದಲಿಸಿ.

ಸಿಮ್ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಅಗ್ಗದ ಯಂತ್ರಗಳು 2ಜಿಯವು, ಜಿಯೋಗೆ 2ಜಿ ಇಲ್ಲ. ಜಿಯೋ ಸಿಮ್ ಹಾಕಿ ದಿನವಿಡೀ ಕಾದರೂ ಚುಕ್ಕೆ ಬರುವುದಿಲ್ಲ. ಮಾರುವವರೇ ಸಿಮ್ ಹಾಕಿಕೊಡುವುದಾದರೆ ಅದರ ಅವಧಿ ಮುಗಿಯುವ ತಾರೀಕನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವರ್ಷವಾದ ಮೇಲೆ 'ಆಫ್‌ಲೈನ್' ಎಂದು ತೋರಿಸುವುದಕ್ಕೆ ಕಾರಣ ಬಹುತೇಕ ಅದೇ.

ಕೂರಿಸುವ ಜಾಗ: ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಕೆಳಗೆ ಬೇಡ. ಏಪ್ರಿಲ್, ಮೇನಲ್ಲಿ ಇಲ್ಲಿ 42–43 ಡಿಗ್ರಿ ಸಾಮಾನ್ಯ. ಬಿಸಿಲಿಗೆ ನಿಂತ ಕಾರಿನ ಗಾಜಿನಡಿ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು, ಯಂತ್ರದೊಳಗಿನ ಲಿಥಿಯಂ ಬ್ಯಾಟರಿ ಉಬ್ಬುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ, ಪ್ಲಾಸ್ಟಿಕ್ಕಿನ ಹಿಂದೆ ಕೂರಿಸಿ. ಪ್ಲಾಸ್ಟಿಕ್ ದಾಟಿ ಸಿಗ್ನಲ್ ಬರುತ್ತದೆ, ತಗಡು ದಾಟಿ ಬರುವುದಿಲ್ಲ.

ಸ್ಕೂಟರಿಗೆ ಹಾಕಿಸುವವರು ಈ ಲೆಕ್ಕ ನೋಡಿ. ಗಾಡಿ ನಿಂತಾಗಲೂ ಯಂತ್ರ 15 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 0.36 ಆಂಪಿಯರ್-ಅವರ್ ಆಯಿತು. 35 ಆಂಪಿಯರ್-ಅವರ್‌ನ ಕಾರಿನ ಬ್ಯಾಟರಿ ಅರ್ಧ ಖಾಲಿಯಾಗಲು ಒಂದೂವರೆ ತಿಂಗಳು ಬೇಕು. ಸ್ಕೂಟರಿನ ಬ್ಯಾಟರಿ 3 ಆಂಪಿಯರ್-ಅವರ್‌ನದಾದರೆ ಅದು ಅರ್ಧಕ್ಕಿಳಿಯಲು ನಾಲ್ಕು ದಿನ ಸಾಕು. ದಸರೆಗೆ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದವರ ಸ್ಕೂಟರ್ ಸೆಲ್ಫ್ ಹೊಡೆಯದಿರುವುದು ಇದಕ್ಕೇ. ಹೊರಡುವ ಮೊದಲು ಆ ಫ್ಯೂಸ್ ಕಿತ್ತಿಟ್ಟು ಹೋಗಿ.

ಅಲರ್ಟ್‌ಗಳನ್ನು ಓದುವ ಬಗೆ

ಮೊದಲ ವಾರ ಮಗನಿಗೆ ಕೀ ಕೊಡಬೇಡಿ, ಅದೇ ದಾರಿಯಲ್ಲಿ ನೀವೇ ಓಡಿಸಿ. ಆ ರಸ್ತೆಗೆ ಯಾವ ಅಲರ್ಟ್ ಸುಮ್ಮನೆ ಬರುತ್ತದೆ ಎಂದು ಆಗ ತಿಳಿಯುತ್ತದೆ. ಓಡಿಸುವ ರೀತಿಗೆ ಆ್ಯಪ್ ಕೊಡುವ ಅಂಕ ಅಪ್ಪನಿಗೇ ಕಡಿಮೆ ಬಂದರೆ ಮುಚ್ಚಿಡಬೇಡಿ, ಊಟಕ್ಕೆ ಕೂತಾಗ ತೋರಿಸಿ.

'ಹಾರ್ಡ್ ಬ್ರೇಕ್' ಎಂದರೆ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ 11–13 ಕಿ.ಮೀ. ವೇಗ ಇಳಿದದ್ದು, 50ರಲ್ಲಿದ್ದ ಗಾಡಿ ಮರುಸೆಕೆಂಡಿಗೆ 38. ಇಲ್ಲಿ ಬಣ್ಣ ಹೋದ ಹಂಪುಗಳಿವೆ, ಕೈ ತೋರಿಸಿದಲ್ಲಿ ಗಕ್ಕನೆ ನಿಲ್ಲುವ ಟಂಟಂ ಆಟೋಗಳಿವೆ, ರಸ್ತೆ ನಡುವೆ ಮಲಗಿದ ದನಗಳಿವೆ. ಸೂಪರ್ ಮಾರ್ಕೆಟ್ ಕಡೆ ಹೋಗಿ ಬ್ರೇಕ್ ಒತ್ತದೆ ಬಂದವನ ಬಗ್ಗೆಯೇ ಅನುಮಾನ ಪಡಬೇಕು. ಒಂದು ಬ್ರೇಕಿಗೆ ಬೆಲೆ ಕೊಡಬೇಡಿ. ಒಂದೇ ತಿರುವಿನಲ್ಲಿ ದಿನಾ ಬರುತ್ತಿದ್ದರೆ ಅಲ್ಲಿಗೆ ಜೊತೆಯಾಗಿ ಹೋಗಿ ನೋಡಿ.

ವೇಗದ ಅಲರ್ಟನ್ನು 60ಕ್ಕೆ ಇಡಿ. 2019ರ ಜುಲೈನಿಂದ ತಯಾರಾದ ಕಾರುಗಳು 80 ದಾಟಿದರೆ ತಾವೇ ಬೀಪ್ ಎನ್ನುತ್ತವೆ, ಆದರೆ ಹೊಸಬರಿಗೆ 80 ತೀರಾ ತಡ. ಒಂದೇ ಒಂದು ಬಿಂದುವಿನಲ್ಲಿ 140 ತೋರಿಸಿ ಅದರ ಹಿಂದೆ ಮುಂದೆ 40 ಇದ್ದರೆ ಅದು ಜಿಪಿಎಸ್ ಜಿಗಿತ, ಬೈಯಬೇಡಿ. ಗೆರೆ ತೊಗರಿ ಹೊಲದ ಮೇಲೆ ನೆಟ್ಟಗೆ ಹಾದಿದ್ದರೆ ಕಾರು ಹೊಲಕ್ಕೆ ಇಳಿದಿಲ್ಲ, ನಡುವೆ ಯಂತ್ರಕ್ಕೆ ಬಿಂದು ಸಿಕ್ಕಿಲ್ಲ ಅಷ್ಟೆ.

ಗಾಡಿ ದಾಟಿದರೆ ಅಲರ್ಟ್ ಬರುವ ಗಡಿಯನ್ನು ನಕ್ಷೆಯಲ್ಲಿ ಹಾಕುವಾಗ ಮನೆ, ಕಾಲೇಜಿಗೆ 300 ಮೀಟರ್ ತ್ರಿಜ್ಯ ಕೊಡಿ. 50 ಮೀಟರ್ ಇಟ್ಟರೆ ನಿಂತ ಗಾಡಿಯೇ ರಾತ್ರಿಯಿಡೀ ಹೊರಗೆ ಹೋಗಿ ಬಂದಂತೆ ಕಾಣುತ್ತದೆ. ಮೊದಲ ತಿಂಗಳಿಗೆ ರಿಂಗ್ ರಸ್ತೆಯೇ ಒಳ್ಳೆಯ ಗಡಿ. ಅದರಾಚೆ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ, ಕಬ್ಬಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಕತ್ತಲಾದ ಮೇಲೆ ಆ ಟ್ರೇಲರ್ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕಿಗೆ ಜಾಗ ಉಳಿದಿರುವುದಿಲ್ಲ, ಅದಕ್ಕೆ ಯಾವ ಅಲರ್ಟೂ ಇಲ್ಲ. ಆ ದಾರಿಗಳಿಗೆ ಮೊದಲ ಹತ್ತು ಸಲ ದೊಡ್ಡವರು ಜೊತೆಗಿರಲಿ, ಅದರಲ್ಲಿ ಎರಡಾದರೂ ಸಂಜೆಯ ಮೇಲಿನವಾಗಿರಲಿ.

ಚುಕ್ಕೆ ಓಡುತ್ತಿರುವಾಗ ಫೋನ್ ಮಾಡಬೇಡಿ. ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಅಲರ್ಟ್ ಬಂದ ಕೂಡಲೇ ಅಪ್ಪ ಫೋನ್ ಮಾಡುತ್ತಾರೆ: 'ಎಲ್ಲಿ ಅದಿಯಪ್ಪಾ? ಯಾಕಿಷ್ಟು ಜೋರು ಹೊಂಟಿ?' ಮಗ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಉತ್ತರ ಕೊಡುತ್ತಾನೆ: 'ಗಾಡಿ ಮ್ಯಾಲ ಅದೀನಿ, ಆಮ್ಯಾಲ ಮಾಡ್ತೀನಿ.' ಅಷ್ಟರಲ್ಲಿ 60ರ ವೇಗದ ಕಾರು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಓಡಿಸುತ್ತ ಫೋನ್ ಹಿಡಿಯುವುದು 184ನೇ ಕಲಮಿನಡಿ ಅಪಾಯಕಾರಿ ಚಾಲನೆ. ಅದನ್ನು ಮಾಡಿಸಿದವರು ನೀವಾಗುತ್ತೀರಿ. ಅವನ ಫೋನಿನಲ್ಲಿ ಡ್ರೈವಿಂಗ್ ಮೋಡ್ ಹಾಕಿ. ಗಾಡಿ ಮನೆಗೆ ಬಂದ ಮೇಲೆ, ಕೈಕಾಲು ತೊಳೆದಾದ ಮೇಲೆ, ಒಂದೇ ಒಂದು ವಿಷಯ ಕೇಳಿ.

ಮೊದಲ ತಿಂಗಳು ದಿನಾ ಸಂಜೆ ನೋಡಿ, ಆಮೇಲೆ ವಾರಕ್ಕೊಮ್ಮೆ. ಆರು ತಿಂಗಳಿಗೆ ರಾತ್ರಿ ಹತ್ತರ ನಂತರದ ಓಡಾಟ ಮತ್ತು ಊರ ಹೊರಗಿನ ಗಡಿ, ಇವೆರಡನ್ನು ಬಿಟ್ಟು ಉಳಿದ ಅಲರ್ಟ್ ಆರಿಸಿ. ಈ ತಾರೀಕುಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಮುಗಿಯುವ ದಿನ ಗೊತ್ತಿದ್ದರೆ ಮಕ್ಕಳು ಒಪ್ಪುವುದು ಸುಲಭ.

ಚುಕ್ಕೆ ನಿಂತುಬಿಟ್ಟರೆ

ಜೇವರ್ಗಿ ದಾರಿಯಲ್ಲಿ ಭೀಮಾ ಸೇತುವೆಯ ಹತ್ತಿರ ಚುಕ್ಕೆ ನಿಂತಿದೆ ಎಂದುಕೊಳ್ಳಿ. ಮೊದಲು 'ಕೊನೆಯ ಅಪ್‌ಡೇಟ್' ಹೊತ್ತು ನೋಡಿ. ಅದು ಇಪ್ಪತ್ತು ನಿಮಿಷ ಹಳೆಯದಾದರೆ ನಿಂತಿರುವುದು ನೆಟ್‌ವರ್ಕ್ ಇರಬಹುದು, ಕಾರು ಆಗಲೇ ಜೇವರ್ಗಿ ಮುಟ್ಟಿರಬಹುದು. ಹದಿನೈದು ನಿಮಿಷ ಕಾಯಿರಿ. ಅಪ್‌ಡೇಟ್ ಈಗಿನದಾಗಿದ್ದು ಇಗ್ನಿಷನ್ ಆನ್, ವೇಗ ಸೊನ್ನೆ ಎಂದಿದ್ದರೆ ಆಗ ಒಮ್ಮೆ ಫೋನ್ ಮಾಡಿ. ಎತ್ತದಿದ್ದರೆ ಜೊತೆಗಿದ್ದವರಿಗೆ ಮಾಡಿ. ಹೊರಡುವ ಮೊದಲೇ ಅವರಲ್ಲೊಬ್ಬರ ನಂಬರ್ ಬರೆದಿಟ್ಟುಕೊಂಡಿರಬೇಕು. ಅಲ್ಲೂ ಉತ್ತರವಿಲ್ಲದಿದ್ದರೆ 112. ಗಾಯವಾಗಿದೆ ಎಂದು ತಿಳಿದರೆ 108, ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ. ಅಲ್ಲಿ 'ಸೇತುವೆ ಹತ್ತಿರ' ಎಂದರೆ ಸಾಲದು, ಸೇತುವೆಯ ಕಲಬುರಗಿ ಕಡೆಯೋ ಜೇವರ್ಗಿ ಕಡೆಯೋ ಹೇಳಿ. ನಕ್ಷೆಯಲ್ಲಿ ಚುಕ್ಕೆಯನ್ನು ಒತ್ತಿ ಹಿಡಿದರೆ ಬರುವ ಎರಡು ಸಂಖ್ಯೆಗಳನ್ನು (ಅಕ್ಷಾಂಶ, ರೇಖಾಂಶ) ನಿಧಾನವಾಗಿ ಓದಿ ಬರೆಸಿ.